'ಇಲ್ಲಿತ್ತು' ಎನ್ನುವ ಕಲ್ಲುಗಳೂ ಜಾಗ ಬಿಟ್ಟವು

ಅಮೆರಿಕದ ನಾರ್ತ್ ಕೆರೊಲಿನಾದ ಔಟರ್ ಬ್ಯಾಂಕ್ಸ್‌ಗೆ ಹೋದವರೆಲ್ಲ ತಪ್ಪದೆ ತರುವ ಫೋಟೊ ಒಂದೇ: ಕಪ್ಪು ಬಿಳುಪು ಪಟ್ಟಿ ಸುತ್ತಿಕೊಂಡು ನಿಂತ ಕೇಪ್ ಹ್ಯಾಟರಸ್ ಲೈಟ್‌ಹೌಸ್. 1999ರಲ್ಲಿ ಅದನ್ನು ಇಡಿಯಾಗಿ ಎತ್ತಿ 2,900 ಅಡಿ ಆಚೆಗೆ ಸಾಗಿಸಿದ ಸುದ್ದಿಯೂ ಹೆಚ್ಚಿನವರಿಗೆ ಗೊತ್ತು. ತಲೆ ತಿನ್ನುವುದು ಅದರ ಬಾಲಂಗೋಚಿಯಂಥ ಒಂದು ಸಂಗತಿ. ಗೋಪುರ ಹೊರಟುಹೋದ ಮೇಲೆ ಹಳೆಯ ಜಾಗ ಮರೆತುಹೋಗಬಾರದು ಎಂದು ಅಡಿಪಾಯದ ಗ್ರಾನೈಟ್ ಕಲ್ಲುಗಳ ಮೇಲೆ ಅಲ್ಲಿ ದೀಪ ಕಾಯ್ದ 83 ಮಂದಿಯ ಹೆಸರು ಕೆತ್ತಿಸಿ, ಗೋಪುರ ನಿಂತಿದ್ದಲ್ಲೇ ದುಂಡಗೆ ಜೋಡಿಸಿದ್ದರು. ಸಮುದ್ರ ಅದನ್ನೂ ಬಿಡಲಿಲ್ಲ. ಬಿರುಗಾಳಿ ಬಂದು ಹೋದಾಗಲೆಲ್ಲ ಕಲ್ಲುಗಳು ಮರಳಿನಡಿ ಹೂತುಹೋಗುವುದು, ಜನ ಅಗೆದು ತೆಗೆಯುವುದು, ಮತ್ತೆ ಹೂತುಹೋಗುವುದು. ಸಾಕಾಗಿ 2015ರಲ್ಲಿ ಆ ಕಲ್ಲುಗಳನ್ನೂ ಹೊಸ ಜಾಗಕ್ಕೆ ಒಯ್ದು, ಗೋಪುರದ ಹತ್ತಿರ ಕೂರುವ ಆಸನಗಳ ಹಾಗೆ ಸಾಲಾಗಿ ಇಟ್ಟರು. 'ಅದು ಇಲ್ಲಿತ್ತು' ಎಂದು ಹೇಳುವುದಕ್ಕೇ ಇಟ್ಟಿದ್ದ ಗುರುತು ಈಗ ಅಲ್ಲಿಲ್ಲ.

ಐತಿಹಾಸಿಕ ಸ್ಥಳ ಎನ್ನುವಾಗ ನಾವು ಉಳಿಸಿಕೊಳ್ಳಬೇಕಾದದ್ದು ಕಟ್ಟಡವನ್ನೋ ಸ್ಥಳವನ್ನೋ? ಗಟ್ಟಿ ನೆಲದ ಊರುಗಳಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ, ಎರಡೂ ಒಂದರ ಮೇಲೊಂದು ಕೂತಿರುತ್ತವೆ. ಔಟರ್ ಬ್ಯಾಂಕ್ಸ್‌ನಲ್ಲಿ ಕಟ್ಟಡ ಒಂದು ಕಡೆ, ಸ್ಥಳ ಇನ್ನೊಂದು ಕಡೆ. ಇಲ್ಲಿನ ಸ್ಮಾರಕಗಳನ್ನು ಒಂದೊಂದಾಗಿ ನೋಡುತ್ತ ಹೋದರೆ ಪ್ರತಿಯೊಂದೂ ಈ ಪ್ರಶ್ನೆಗೆ ತನ್ನದೇ ಉತ್ತರ ಕೊಟ್ಟುಕೊಂಡು ಕೂತಿರುವುದು ಕಾಣುತ್ತದೆ. ಒಂದರ ಉತ್ತರ ಇನ್ನೊಂದಕ್ಕೆ ಹೊಂದುವುದಿಲ್ಲ.

ನಡೆಯುವ ನೆಲ

ಔಟರ್ ಬ್ಯಾಂಕ್ಸ್ ಎಂದರೆ ಅಟ್ಲಾಂಟಿಕ್‌ಗೂ ಪ್ಯಾಮ್ಲಿಕೊ ಹಿನ್ನೀರಿಗೂ ನಡುವೆ ಉದ್ದಕ್ಕೆ ಎಳೆದಿಟ್ಟ ಮರಳಿನ ಪಟ್ಟಿ. ಕೆಲವು ಕಡೆ ರಸ್ತೆಯಲ್ಲಿ ನಿಂತರೆ ಎರಡೂ ಬದಿ ನೀರು ಕಾಣುವಷ್ಟು ಕಿರಿದು. ಬಿರುಗಾಳಿಯ ಅಲೆ ಸಮುದ್ರದ ಕಡೆಯ ಮರಳನ್ನು ಕಿತ್ತು ಹಿನ್ನೀರಿನ ಕಡೆಗೆ ಎಸೆಯುತ್ತದೆ. ಮುಂಭಾಗ ಸವೆಯುತ್ತದೆ, ಹಿಂಭಾಗ ಬೆಳೆಯುತ್ತದೆ. ಚಾಪೆಯನ್ನು ಒಂದು ತುದಿಯಿಂದ ಸುತ್ತುತ್ತ ಹೋದ ಹಾಗೆ ಇಡೀ ದ್ವೀಪ ಹಿಂದಕ್ಕೆ ಉರುಳುತ್ತ ಹೋಗುತ್ತದೆ. ಇದು ಸವಕಳಿ ಮಾತ್ರ ಅಲ್ಲ, ದ್ವೀಪ ಬದುಕಿ ಉಳಿಯುವ ರೀತಿಯೇ ಅದು. 1930ರ ದಶಕದಲ್ಲಿ ಸರ್ಕಾರಿ ಉದ್ಯೋಗ ಯೋಜನೆಯಡಿ ಸಾವಿರಾರು ಜನರನ್ನು ಹಚ್ಚಿ ದಂಡೆಯುದ್ದಕ್ಕೂ ಬೇಲಿ ಕಟ್ಟಿಸಿ, ಹುಲ್ಲು ನೆಡಿಸಿ, ಕೃತಕ ಮರಳದಿಬ್ಬ ಎಬ್ಬಿಸಿದರು. ದಿಬ್ಬದ ಹಿಂದೆ ರಸ್ತೆ ಬಂತು, ರಸ್ತೆಯ ಪಕ್ಕ ಮನೆಗಳು ಬಂದವು. ಆದರೆ ಅಲೆ ಹೊತ್ತು ತರುವ ಮರಳು ಹಿಂಭಾಗಕ್ಕೆ ಸೇರುವುದಕ್ಕೂ ದಿಬ್ಬವೇ ಅಡ್ಡಿಯಾಯಿತು. ಮುಂದೆ ಸವೆತ ನಿಲ್ಲಲಿಲ್ಲ, ಹಿಂದೆ ಬೆಳವಣಿಗೆ ಮಾತ್ರ ನಿಂತಿತು.

ದ್ವೀಪಗಳ ನಡುವಿನ ಅಳಿವೆ ಬಾಯಿಗಳೂ ಹಾಗೆಯೇ. ಇವತ್ತು ಎಲ್ಲ ನಕ್ಷೆಯಲ್ಲೂ ಕಾಣುವ ಓರೆಗಾನ್ ಅಳಿವೆ, ಹ್ಯಾಟರಸ್ ಅಳಿವೆ ಎರಡೂ 1846ರ ಸೆಪ್ಟೆಂಬರ್‌ನ ಒಂದೇ ಚಂಡಮಾರುತದಲ್ಲಿ ಬಾಯಿ ತೆರೆದವು. ಓರೆಗಾನ್ ಅಳಿವೆ ಅಂದಿನಿಂದ ದಕ್ಷಿಣಕ್ಕೆ ಸರಿಯುತ್ತಲೇ ಇದೆ. ಅದರ ಪಕ್ಕದ ಬಾಡಿ ಐಲೆಂಡ್ ಲೈಟ್‌ಹೌಸ್‌ನ ಕತೆ ಕೇಳಿದರೆ ಇಲ್ಲಿ ಕಟ್ಟುವುದು ಎಂಥ ಪಾಡು ಎಂದು ತಿಳಿಯುತ್ತದೆ. 1847ರ ಮೊದಲನೆಯದಕ್ಕೆ ಖರ್ಚು ಉಳಿಸಲು ಸರಿಯಾದ ಅಡಿಪಾಯವನ್ನೇ ಹಾಕಲಿಲ್ಲ. ಕೆಲವೇ ವರ್ಷದಲ್ಲಿ ವಾಲಿತು, ಕೈಬಿಟ್ಟರು. 1859ರ ಎರಡನೆಯದನ್ನು 1861ರಲ್ಲಿ, ಅಮೆರಿಕದ ಅಂತರ್ಯುದ್ಧದಲ್ಲಿ, ಹಿಮ್ಮೆಟ್ಟುತ್ತಿದ್ದ ದಕ್ಷಿಣ ಪಕ್ಷದ ಕಾನ್ಫೆಡರೇಟ್ ಸೈನಿಕರು ಸ್ಫೋಟಿಸಿದರು. 1872ರಲ್ಲಿ ಬೆಳಗಿದ ಮೂರನೆಯದೇ ಈಗ ನಿಂತಿರುವುದು. ಮೊದಲ ಎರಡು ಅಳಿವೆಯ ದಕ್ಷಿಣಕ್ಕಿದ್ದವು, ಇದು ಉತ್ತರಕ್ಕೆ. ದೀಪ ಹಚ್ಚಿದ ಹೊಸದರಲ್ಲೇ ಕಾಡು ಹೆಬ್ಬಾತುಗಳ ಹಿಂಡು ಬಂದು ಬಡಿದು ಮಸೂರಕ್ಕೆ ಪೆಟ್ಟಾಯಿತು, ಆಮೇಲೆ ತಂತಿ ಜಾಲರಿ ಹಾಕಿದರು. (ಹೆಸರಿನ ಕಾಗುಣಿತ ನೋಡಿ 'ಬೋಡಿ' ಎಂದು ಓದಬೇಡಿ. ಊರಿನವರ ಬಾಯಲ್ಲಿ ಅದು 'ಬಾಡಿ'ಯೇ.)

ಸಿಹಿನೀರಿನಲ್ಲಿ ನೆನೆದ ಮರ

ಹ್ಯಾಟರಸ್‌ನಲ್ಲಿ ಈಗಿರುವುದು ಎರಡನೇ ಗೋಪುರ. 1803ರ ಮೊದಲನೆಯದು 90 ಅಡಿ ಮಾತ್ರ, ಬೆಳಕೂ ಮಂಕು. ಕರಾವಳಿಯಾಚೆ ಡೈಮಂಡ್ ಶೋಲ್ಸ್ ಎಂಬ ಮರಳದಿಣ್ಣೆಗಳು ಮೈಲಿಗಟ್ಟಲೆ ಸಮುದ್ರದೊಳಕ್ಕೆ ಚಾಚಿವೆ. ಅಲ್ಲೇ ಉತ್ತರದಿಂದ ಬರುವ ತಣ್ಣನೆಯ ಪ್ರವಾಹವೂ ದಕ್ಷಿಣದಿಂದ ಬರುವ ಗಲ್ಫ್ ಸ್ಟ್ರೀಮ್‌ನ ಬಿಸಿ ಪ್ರವಾಹವೂ ಎದುರುಬದುರಾಗುತ್ತವೆ. ಗಲ್ಫ್ ಸ್ಟ್ರೀಮ್ ತಪ್ಪಿಸಿಕೊಂಡು ದಕ್ಷಿಣಕ್ಕೆ ಹೋಗುವ ಹಡಗು ದಂಡೆಯ ಹತ್ತಿರ ಸರಿಯಲೇಬೇಕು, ಹತ್ತಿರ ಸರಿದರೆ ದಿಣ್ಣೆ. 'ಅಟ್ಲಾಂಟಿಕ್‌ನ ಸ್ಮಶಾನ' ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಅಂತರ್ಯುದ್ಧದ ಪ್ರಸಿದ್ಧ ಕಬ್ಬಿಣದ ಕವಚದ ಹಡಗು ಮಾನಿಟರ್ 1862ರ ಕೊನೆಯ ದಿನ ನಸುಕಿನಲ್ಲಿ ಮುಳುಗಿದ್ದು ಈ ಹ್ಯಾಟರಸ್‌ನ ಆಚೆಗೇ.

ಹೊಸ ಗೋಪುರದ ಕೆಲಸ 1868ರಲ್ಲಿ ಶುರುವಾಯಿತು, ಉಸ್ತುವಾರಿ ಡೆಕ್ಸ್‌ಟರ್ ಸ್ಟೆಟ್ಸನ್‌ನದು. ಗುಂಡಿ ತೋಡಿದರೆ ಕೆಲವೇ ಅಡಿಯಲ್ಲಿ ನೀರು. ಮರದ ಕಂಬಗಳನ್ನು ನೆಲಕ್ಕೆ ಬಡಿಯೋಣವೆಂದರೆ ಸ್ವಲ್ಪ ಆಳಕ್ಕೆ ಇಳಿದ ಮೇಲೆ ಮರಳು ಕಲ್ಲಿನಂತೆ ಬಿಗಿದುಕೊಂಡು ಮುಂದೆ ಬಿಡುತ್ತಿರಲಿಲ್ಲ. ಕಂಬ ಇಳಿಯದ ಮರಳು ಭಾರ ಹೊರುತ್ತದೆ ಎಂದು ಅರ್ಥಮಾಡಿಕೊಂಡದ್ದೇ ಸ್ಟೆಟ್ಸನ್‌ನ ಜಾಣತನ. ಕಂಬದ ಆಸೆ ಬಿಟ್ಟು, ಗುಂಡಿಯ ನೀರನ್ನು ತಡೆಹಿಡಿದು, 6 ಅಂಗುಲಕ್ಕೆ 12 ಅಂಗುಲದ ಹಳದಿ ಪೈನ್ ತೊಲೆಗಳನ್ನು ಎರಡು ವರಸೆಯಲ್ಲಿ, ಒಂದರ ಮೇಲೊಂದು ಅಡ್ಡಡ್ಡಲಾಗಿ ಹಾಸಿದ. ಅದರ ಮೇಲೆ ಗ್ರಾನೈಟ್, ಗ್ರಾನೈಟ್ ಮೇಲೆ ಸುಮಾರು ಹನ್ನೆರಡೂವರೆ ಲಕ್ಷ ಇಟ್ಟಿಗೆ. ಸುಮಾರು 200 ಅಡಿಯ ಗೋಪುರ, ಮರದ ಚಾಪೆಯ ಮೇಲೆ!

ಮರ ಕೊಳೆಯುವುದಿಲ್ಲವೇ? ಗಾಳಿ ತಾಗದಂತೆ ಸದಾ ಸಿಹಿನೀರಿನಲ್ಲಿ ಮುಳುಗಿರುವವರೆಗೆ ಕೊಳೆಯುವುದಿಲ್ಲ. ದ್ವೀಪದ ಮರಳಿನೊಳಗೆ ಮಳೆನೀರಿನ ಪದರ ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ತೊಲೆಗಳು ಇದ್ದದ್ದು ಆ ಪದರದಲ್ಲಿ. 130 ವರ್ಷದ ನಂತರ ಅಗೆದಾಗ ಅವು ಚೆನ್ನಾಗಿಯೇ ಇದ್ದವು. ಆದರೆ ಸಮುದ್ರ ಹತ್ತಿರ ಬಂದಂತೆ ಆ ಪದರ ತೆಳ್ಳಗಾಗುತ್ತದೆ. ಉಪ್ಪುನೀರು ಒಳಗೆ ಬಂದರೆ ಅದರ ಜೊತೆ ಮರ ಕೊರೆಯುವ ಹುಳವೂ ಬರುತ್ತದೆ, ನೀರು ಇಳಿದರೆ ಗಾಳಿ ತಾಗಿ ಕೊಳೆ ಹತ್ತುತ್ತದೆ. ಅಲೆ ಬಂದು ಗೋಡೆಗೆ ಬಡಿಯುವುದಕ್ಕಿಂತ ಮೊದಲೇ, ಕಣ್ಣಿಗೆ ಕಾಣದಂತೆ, ಬುಡ ಸಡಿಲವಾಗುವ ಅಪಾಯ ಇದು. ಅಲೆಯ ಫೋಟೊ ಎಲ್ಲ ಪತ್ರಿಕೆಗಳಲ್ಲೂ ಬಂತು, ತೊಲೆಯ ಚಿಂತೆ ಎಂಜಿನಿಯರ್‌ಗಳ ವರದಿಯಲ್ಲೇ ಉಳಿಯಿತು.

ನಾಲ್ಕನೇ ಗೋಡೆಯ ಜಗಳ

1870ರ ಡಿಸೆಂಬರ್‌ನಲ್ಲಿ ದೀಪ ಹಚ್ಚಿದಾಗ ಸಮುದ್ರ 1,500 ಅಡಿ ದೂರವಿತ್ತು. 1935ರ ಹೊತ್ತಿಗೆ ನೀರು ಬುಡಕ್ಕೇ ಬಂದು, ಗೋಪುರ ಖಾಲಿ ಮಾಡಿ, ಬಕ್ಸ್‌ಟನ್ ಕಾಡಿನೊಳಗೆ ಉಕ್ಕಿನ ಚೌಕಟ್ಟಿನ ಗೋಪುರ ನಿಲ್ಲಿಸಿ ಅದಕ್ಕೆ ದೀಪ ಕಟ್ಟಿದರು. ಆಮೇಲೆ ದಂಡೆ ಸ್ವಲ್ಪ ಚೇತರಿಸಿಕೊಂಡಿತು, 1950ರಲ್ಲಿ ದೀಪ ಗೋಪುರಕ್ಕೆ ಮರಳಿತು. 1970ರ ಆಸುಪಾಸಿನಲ್ಲಿ ನೌಕಾಪಡೆ ದಂಡೆಗೆ ಅಡ್ಡಲಾಗಿ ಸಮುದ್ರದೊಳಕ್ಕೆ ಮೂರು ಗ್ರಾಯ್ನ್‌ಗಳನ್ನು, ಎಂದರೆ ಅಡ್ಡಗೋಡೆಗಳನ್ನು, ಕಟ್ಟಿತು. ಕಡಲ್ಕೊರೆತದ ತಡೆಗೋಡೆ ಕಂಡಿರುವ ಕರಾವಳಿಯವರಿಗೆ ಇದರ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಮರಳು ದಂಡೆಯ ಗುಂಟ ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತದೆ. ಗೋಡೆ ಆ ಹರಿವನ್ನು ತಡೆದು ತನ್ನ ಉತ್ತರಕ್ಕೆ ಮರಳು ಕೂಡಿಹಾಕುತ್ತದೆ, ಅಷ್ಟೇ ಮರಳು ದಕ್ಷಿಣಕ್ಕೆ ಕಡಿಮೆ ಬೀಳುತ್ತದೆ. ಕೊನೆಯ ಗೋಡೆಯ ದಕ್ಷಿಣದ ದಂಡೆ ಬಾಗಿ ಒಳಕ್ಕೆ ಬಂತು, ಸಮುದ್ರ ಮುಂದಿನಿಂದ ಬರುವುದು ಬಿಟ್ಟು ಪಕ್ಕದಿಂದ ಲೈಟ್‌ಹೌಸ್‌ನತ್ತ ತಿರುಗಿತು. 1980ರ ಬಿರುಗಾಳಿಯಲ್ಲಿ 1803ರ ಹಳೆಯ ಗೋಪುರದ ಅಡಿಪಾಯ ಕೊಚ್ಚಿಹೋದದ್ದು ಎಚ್ಚರಿಕೆಯ ಗಂಟೆಯಂತಾಯಿತು. 1987ರ ಹೊತ್ತಿಗೆ ಉಳಿದ ದೂರ 120 ಅಡಿ.

ನ್ಯಾಷನಲ್ ಅಕಾಡೆಮಿ ಆಫ್ ಸೈನ್ಸಸ್ ಕಡೆಯಿಂದ 1988ರಲ್ಲಿ ಬಂದ ವರದಿ, ಸ್ಥಳಾಂತರವೇ ಸರಿ ಎಂದಿತು. ಊರಿನವರಲ್ಲಿ ಬಹಳ ಜನ ಒಪ್ಪಲಿಲ್ಲ. ಎತ್ತುವಾಗ ಕುಸಿದುಬಿದ್ದರೆ? ನಾಲ್ಕನೇ ಗ್ರಾಯ್ನ್ ಕಟ್ಟಿ, ಮರಳು ತುಂಬಿಸಿ, ಇದ್ದಲ್ಲೇ ಉಳಿಸಿ ಎಂಬುದು ಅವರ ಪಟ್ಟು. ಅವರನ್ನು ಅಜ್ಞಾನಿಗಳೆಂದು ತಳ್ಳಿಹಾಕುವುದು ಸುಲಭ, ನ್ಯಾಯವಲ್ಲ. ತಲೆಮಾರುಗಳಿಂದ ಆ ಮೂಲೆಯಲ್ಲೇ ನೋಡಿದ ಗೋಪುರ ಅದು. ಮೀನಿಗೆ ಹೋದವರು ದಂಡೆಗೆ ಮರಳುವಾಗ ಕಣ್ಣಳತೆಗೆ ಇಟ್ಟುಕೊಂಡದ್ದು ಅದನ್ನೇ. ಆದರೆ ಅವರ ವಾದಕ್ಕೆ ಎರಡು ಕಡೆ ಪೆಟ್ಟು ಬಿತ್ತು. ಸಮುದ್ರದಂಚಿನಲ್ಲಿ ಹೊಸ ಗಟ್ಟಿ ಗೋಡೆಗಳನ್ನು ಕಟ್ಟಬಾರದೆಂದು ರಾಜ್ಯ 1985ರಲ್ಲೇ ನಿಯಮ ಮಾಡಿತ್ತು. ಮೇಲಾಗಿ ನಾಲ್ಕನೆಯದರ ದಕ್ಷಿಣಕ್ಕೂ ದಂಡೆಯಿದೆ, ಅದು ಸವೆಯತೊಡಗಿದರೆ ಐದನೆಯದು ಬೇಕು. ನನಗೆ ಕೇಳಿದರೆ ಎಂಜಿನಿಯರ್‌ಗಳು ಸರಿ. ಸ್ಥಳದ ಹಟ ಹಿಡಿದಿದ್ದರೆ ಸ್ಥಳವೂ ಕಟ್ಟಡವೂ ಒಟ್ಟಿಗೇ ಹೋಗುತ್ತಿದ್ದವು.

ಇಪ್ಪತ್ತಮೂರು ದಿನ

ಗುತ್ತಿಗೆ ಬಫಲೋ ನಗರದ ಇಂಟರ್‌ನ್ಯಾಷನಲ್ ಚಿಮ್ನಿ ಕಂಪನಿಗೆ, ಜೊತೆಗೆ ಮನೆಗಳನ್ನು ಸಾಗಿಸುವ ಎಕ್ಸ್‌ಪರ್ಟ್ ಹೌಸ್ ಮೂವರ್ಸ್. ವೆಚ್ಚ ಸುಮಾರು 1.2 ಕೋಟಿ ಡಾಲರ್. ತೂಕ 4,830 ಟನ್. ಇಟ್ಟಿಗೆಯ ಗೋಪುರಕ್ಕೆ ಮೇಲಿನಿಂದ ಬೀಳುವ ಭಾರ ಎಷ್ಟಾದರೂ ತಡೆದೀತು, ಎಳೆತ ತಡೆಯದು. ಬುಡ ಒಂದು ಕಡೆ ಒಂದಿಷ್ಟು ತಗ್ಗಿದರೂ ಇನ್ನೊಂದು ಕಡೆ ಗೋಡೆ ಎಳೆದು ಬಿರುಕು ಬಿಡುತ್ತದೆ. ಇಡೀ ಯೋಜನೆ ನಿಂತದ್ದು ಈ ಒಂದು ಭಯದ ಮೇಲೆ.

ಮೊದಲು ಪಂಪು ಇಟ್ಟು ಸುತ್ತಲ ನೀರು ತೆಗೆದು ಬುಡ ಬಿಡಿಸಿದರು. ಆಮೇಲೆ ಗ್ರಾನೈಟ್ ಅಡಿಪಾಯವನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತ, ಕತ್ತರಿಸಿದಲ್ಲೆಲ್ಲ ಉಕ್ಕಿನ ಊರೆಗಳನ್ನು ಕೊಡುತ್ತ ಹೋದರು. ಹಲ್ಲು ಒಂದೊಂದಾಗಿ ಕಿತ್ತು ಅಲ್ಲಲ್ಲೇ ಹೊಸ ಹಲ್ಲು ಕೂರಿಸಿದ ಹಾಗೆ. ಭಾರ ಪೂರ್ತಿ ಉಕ್ಕಿಗೆ ಬಂದ ಮೇಲೆ ಅಡಿಯಲ್ಲಿ ದೊಡ್ಡ ಉಕ್ಕಿನ ತೊಲೆಗಳು, ತೊಲೆಗಳಲ್ಲಿ ಅಳವಡಿಸಿದ ನೂರು ಹೈಡ್ರಾಲಿಕ್ ಜ್ಯಾಕ್‌ಗಳು. ಇಷ್ಟೊಂದು ಜ್ಯಾಕ್‌ಗಳನ್ನು ಬೇರೆಬೇರೆಯಾಗಿ ನಡೆಸಿದರೆ ಒಂದು ಹೆಚ್ಚು ಒಂದು ಕಡಿಮೆ ಆಗಿಯೇ ಆಗುತ್ತದೆ. ಅದಕ್ಕೆ ಅವನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿನ ಜ್ಯಾಕ್‌ಗಳಿಗೆಲ್ಲ ಒಂದೇ ಎಣ್ಣೆಯ ಒತ್ತಡ, ಹಾಗಾಗಿ ಒಳಗೊಳಗೇ ಭಾರ ಹಂಚಿಕೊಳ್ಳುತ್ತವೆ. ಗೋಪುರದ ಕಡೆಯಿಂದ ನೋಡಿದರೆ ತಾನು ಕೂತಿರುವುದು ನೂರು ಕಾಲಿನ ಮೇಲಲ್ಲ, ಮೂರೇ ಕಾಲಿನ ಮೇಲೆ. ನಾಲ್ಕು ಕಾಲಿನ ಸ್ಟೂಲು ಒರಟು ನೆಲದಲ್ಲಿ ಕುಣಿಯುತ್ತದೆ, ಮೂರು ಕಾಲಿನದು ಎಲ್ಲಿಟ್ಟರೂ ಕೂರುತ್ತದೆ. ಮೊಸರು ಗಡಿಗೆ ಇಡಲು ಮುಕ್ಕಾಲಿ ಮಾಡಿದ ಬಡಗಿಗೆ ಇದು ಹೊಸ ವಿದ್ಯೆಯಲ್ಲ.

ಸುಮಾರು ಆರು ಅಡಿ ಎತ್ತಿದ ಮೇಲೆ ಅಡಿಗೆ ಉರುಳೆಗಳು, ಉರುಳೆಗಳ ಅಡಿಗೆ ಉಕ್ಕಿನ ಹಳಿ, ಹಳಿಯ ಅಡಿಗೆ ಉಕ್ಕಿನ ಚಾಪೆ, ಅದರಡಿ ಜಲ್ಲಿ ಹಾಕಿ ಕುಟ್ಟಿ ಬಿಗಿ ಮಾಡಿದ ದಾರಿ. 1999ರ ಜೂನ್ 17ರಂದು ಗೋಪುರ ಮೊದಲ ಸಲ ಅಲುಗಿತು. ತಳ್ಳುವ ಜ್ಯಾಕ್‌ಗಳ ಒಂದು ಬದಿಯನ್ನು ಹಳಿಗೆ ಕಚ್ಚಿಸುತ್ತಾರೆ. ಒತ್ತಡ ಕೊಟ್ಟಾಗ ಗೋಪುರ ಐದು ಅಡಿ ಮುಂದೆ ಸರಿಯುತ್ತದೆ. ನಿಲ್ಲಿಸಿ, ಕಚ್ಚು ಬಿಡಿಸಿ, ಜ್ಯಾಕ್‌ಗಳನ್ನು ಮುಂದಕ್ಕೆ ಎಳೆದುಕೊಂಡು, ಮತ್ತೆ ಕಚ್ಚಿಸಿ, ಮತ್ತೆ ಐದು ಅಡಿ. 2,900 ಅಡಿಗೆ ಇಂಥ 580 ನೂಕು. ಹಿಂದೆ ಬಿದ್ದ ಹಳಿಯನ್ನೂ ಚಾಪೆಯನ್ನೂ ಬಿಚ್ಚಿ ಮುಂದೆ ಹೊತ್ತು ಹಾಕುವುದು, ಜಾರಲೆಂದು ಹಳಿಗೆ ಸಾಬೂನು ಉಜ್ಜುವುದು. ಗೋಪುರಕ್ಕೆ 60 ಸಂವೇದಕಗಳನ್ನು ಅಂಟಿಸಿ ವಾಲುವಿಕೆ, ಕಂಪನ ನೋಡುತ್ತಿದ್ದರು. ತುದಿಯಲ್ಲಿ ಗಾಳಿ ಅಳೆಯುವ ಯಂತ್ರ. ದಿನಕ್ಕೆ ಸರಾಸರಿ 126 ಅಡಿ. ದೂರ ನಿಂತು ನೋಡಿದವರಿಗೆ ಗೋಪುರ ಚಲಿಸಿದಂತೆ ಕಾಣುತ್ತಲೇ ಇರಲಿಲ್ಲ, ಗಡಿಯಾರದ ಗಂಟೆ ಮುಳ್ಳಿನ ಹಾಗೆ. ಜುಲೈ 9ರಂದು ಹೊಸ ಜಾಗದ 60 ಅಡಿ ಚೌಕದ, ನಾಲ್ಕು ಅಡಿ ದಪ್ಪದ ಕಾಂಕ್ರೀಟ್ ಹಾಸಿನ ಮೇಲೆ ಬಂದು ನಿಂತಿತು. ಆಗಸ್ಟ್ ಕೊನೆಗೆ ಡೆನಿಸ್ ಚಂಡಮಾರುತ ಬಂದು ಆ ದಂಡೆಯನ್ನು ದಿನಗಟ್ಟಲೆ ಜಾಲಾಡಿತು. ನವೆಂಬರ್ 13ರಂದು ದೀಪ ಮತ್ತೆ ಹತ್ತಿತು.

ಇದರಲ್ಲಿ ಜನ ಅಷ್ಟಾಗಿ ಗಮನಿಸದ ಒಂದು ನಿರ್ಧಾರವಿದೆ. ಗೋಪುರದ ಜೊತೆ ಕಾವಲುಗಾರರ ಎರಡು ಮನೆಗಳನ್ನೂ ಎಣ್ಣೆಯ ಕೊಠಡಿಯನ್ನೂ ನೀರಿನ ತೊಟ್ಟಿಗಳನ್ನೂ ಒಯ್ದರು. ಒಯ್ದು, ಮೊದಲು ಯಾವುದರಿಂದ ಯಾವುದು ಎಷ್ಟು ದೂರ, ಯಾವ ದಿಕ್ಕಿಗೆ ಮುಖ ಇತ್ತೋ ಹಾಗೆಯೇ ಇಟ್ಟರು. ಅವರು ಸ್ಥಳವನ್ನು ಪೂರ್ತಿ ಬಿಡಲಿಲ್ಲ. ಕಟ್ಟಡಗಳ ನಡುವಿನ ಅಂಗಳವನ್ನೂ ಮಡಚಿ ಕಟ್ಟಿಕೊಂಡು ಹೋದರು. ದೂರ ಬದಲಾದದ್ದು ಸಮುದ್ರಕ್ಕೆ ಮಾತ್ರ.

ಹುಲ್ಲು ಹಾಕಿ ಕಟ್ಟಿದ ಗುಡ್ಡ

ಉತ್ತರಕ್ಕೆ ಕಿಲ್ ಡೆವಿಲ್ ಹಿಲ್ಸ್‌ನಲ್ಲಿ ಇದರ ತಿರುಗುಮುರುಗು. ರೈಟ್ ಸಹೋದರರು ಗ್ಲೈಡರ್ ಹಾರಿಸಿದ್ದು 90 ಅಡಿ ಎತ್ತರದ ಬೋಳು ಮರಳುಗುಡ್ಡದಿಂದ. 1903ರ ಡಿಸೆಂಬರ್ 17ರ ನಾಲ್ಕು ಹಾರಾಟ ಮಾತ್ರ ಅದರ ಬುಡದ ಸಮನೆಲದಲ್ಲಿ: ಮೊದಲನೆಯದು 12 ಸೆಕೆಂಡು 120 ಅಡಿ, ಕೊನೆಯದು 59 ಸೆಕೆಂಡು 852 ಅಡಿ. ಆ ಪ್ರಸಿದ್ಧ ಫೋಟೊ ತೆಗೆದ ಜಾನ್ ಡೇನಿಯಲ್ಸ್ ಹತ್ತಿರದ ಜೀವರಕ್ಷಣಾ ಠಾಣೆಯವ. ಅದೇ ದಿನ ಗಾಳಿಗೆ ವಿಮಾನ ಮಗುಚಿದಾಗ ಹಿಡಿಯಲು ಹೋಗಿ ತಂತಿಗಳ ನಡುವೆ ಸಿಕ್ಕಿಕೊಂಡು ಉರುಳಿದವನೂ ಅವನೇ.

ಸ್ಮಾರಕ ಕಟ್ಟೋಣವೆಂದು 1920ರ ದಶಕದ ಕೊನೆಗೆ ಬಂದು ನೋಡಿದರೆ ಗುಡ್ಡ ಗಾಳಿಗೆ ನೈಋತ್ಯಕ್ಕೆ ಸುಮಾರು 450 ಅಡಿ ನಡೆದುಹೋಗಿತ್ತು. ಸೈನ್ಯದವರು ಗುಡ್ಡಕ್ಕೆಲ್ಲ ಗೊಬ್ಬರ ಹಾಕಿ ಹುಲ್ಲು ಬೆಳೆಸಿ ಅದನ್ನು ಇದ್ದಲ್ಲೇ ಕಟ್ಟಿಹಾಕಿದರು. ಮೇಲೆ 60 ಅಡಿಯ ಗ್ರಾನೈಟ್ ಸ್ತಂಭ, 1932. ಈಗ ಅಲ್ಲಿ ಹಸಿರು ಗುಡ್ಡ ಹತ್ತಿ 'ಇಲ್ಲಿಂದಲೇ ಹಾರಿದರು' ಎಂದು ಕೈ ತೋರಿಸುವವರಿಗೆ ಎರಡು ತಪ್ಪು: ವಿಮಾನ ಹಾರಿದ್ದು ಕೆಳಗೆ, ಗ್ಲೈಡರ್ ಹಾರಿದ ಗುಡ್ಡ ಆಗ ಇದ್ದದ್ದು ಬೇರೆ ಕಡೆ. ನಿಜವಾದ ಜಾಗ ಬೇಕಿದ್ದರೆ ಕೆಳಗಿನ ಬಯಲಿಗೆ ಹೋಗಿ. ಹಳಿ ಬಿಟ್ಟು ಎದ್ದ ಬಿಂದುವಿಗೆ ಒಂದು ಬಂಡೆ, ನಾಲ್ಕು ಸಲ ಇಳಿದಲ್ಲಿ ನಾಲ್ಕು ಕಲ್ಲು. ಮೂರು ಕಲ್ಲು ಒತ್ತೊತ್ತಾಗಿ, ನಾಲ್ಕನೆಯದು ಎಲ್ಲೋ ದೂರ. ಆ ಅಂತರ ನಡೆದು ನೋಡಿದಾಗ ತಿಳಿಯುವುದು ಸ್ತಂಭದಡಿ ನಿಂತರೆ ತಿಳಿಯುವುದಿಲ್ಲ. ನಿಂತ ಗುಡ್ಡ ಒಳ್ಳೆಯ ಪೀಠ, ಆದರೆ ರೈಟ್ ಸಹೋದರರನ್ನು ಅಷ್ಟು ದೂರದ ಒಹಾಯೊದಿಂದ ಇಲ್ಲಿಗೆ ಎಳೆತಂದದ್ದು ನಿಲ್ಲದ ಮರಳೂ ನಿಲ್ಲದ ಗಾಳಿಯೂ.

ಐದು ನಿಮಿಷದ ಕವಾಯತು

ರೊಡ್ಯಾಂತಿ ಊರಿನ ಚಿಕಮಕಾಮಿಕೊ ಜೀವರಕ್ಷಣಾ ಠಾಣೆ (ಕನ್ನಡದ ಕಿವಿಗೆ ಚಿಕ್ಕಮಗಳೂರಿನ ದಾಯಾದಿಯಂತೆ ಕೇಳುವ ಈ ಹೆಸರು ಇಲ್ಲಿನ ಮೂಲನಿವಾಸಿಗಳ ಮಾತಿನದು) ಲೈಟ್‌ಹೌಸ್‌ಗಳಷ್ಟು ಜನರನ್ನು ಸೆಳೆಯುವುದಿಲ್ಲ. ಒಂದು ದಿನವಷ್ಟೇ ಇರುವವರಿಗೆ ನಾನು ಹೇಳುವುದು ಇದನ್ನೇ. 1874ರ ಮೂಲ ಕಟ್ಟಡ, 1911ರ ದೊಡ್ಡ ಕಟ್ಟಡ ಎರಡೂ ಇವೆ. ಆದರೆ ನೋಡಬೇಕಾದದ್ದು ಕಟ್ಟಡವಲ್ಲ, ಬೇಸಿಗೆಯಲ್ಲಿ ನಡೆಸಿ ತೋರಿಸುವ ಕವಾಯತು.

ದಂಡೆಯಾಚೆ ಹಡಗು ದಿಣ್ಣೆಗೆ ಕಚ್ಚಿಕೊಂಡಿದೆ, ಅಲೆಯಲ್ಲಿ ದೋಣಿ ಇಳಿಸಲಾಗದು. ಲೈಲ್ ಗನ್ ಎಂಬ ಪುಟ್ಟ ಕಂಚಿನ ಫಿರಂಗಿಯಿಂದ ತೆಳು ಹಗ್ಗ ಕಟ್ಟಿದ ಗುಂಡು ಹಡಗಿನ ಮೇಲಕ್ಕೆ ಹಾರಬೇಕು, 600 ಗಜದವರೆಗೆ. ಹಗ್ಗವನ್ನು ಸುರುಳಿ ಸುತ್ತಿಟ್ಟರೆ ಸಿಕ್ಕಾಗಿ ಹರಿಯುತ್ತದೆ, ಆದ್ದರಿಂದ ಗೂಟಗಳ ಪೆಟ್ಟಿಗೆಯಲ್ಲಿ ಅಂಕುಡೊಂಕಾಗಿ ಹಾಸಿ, ಗೂಟ ತೆಗೆದು, ಬಿಡಿಸಿಟ್ಟಿರುತ್ತಾರೆ. ಹಡಗಿನವರು ತೆಳು ಹಗ್ಗ ಎಳೆದುಕೊಂಡಾಗ ಅದರ ಹಿಂದೆ ರಾಟೆಯೂ ಒಂದು ಮರದ ಫಲಕವೂ ಹೋಗುತ್ತವೆ. ಎಲ್ಲಿ ಹೇಗೆ ಕಟ್ಟಬೇಕೆಂದು ಆ ಫಲಕದ ಒಂದು ಬದಿ ಇಂಗ್ಲಿಷ್‌ನಲ್ಲಿ, ಇನ್ನೊಂದು ಬದಿ ಫ್ರೆಂಚ್‌ನಲ್ಲಿ ಬರೆದಿರುತ್ತದೆ. ಆಮೇಲೆ ದಪ್ಪ ಹಗ್ಗ. ದಂಡೆಯ ತುದಿಯನ್ನು ಮರಳಿನಲ್ಲಿ ಹೂತ ಮರದ ಲಂಗರಿಗೆ ಬಿಗಿದು, ಕತ್ತರಿಗಾಲಿನ ಮೇಲೆ ಎತ್ತಿ, ಚಲ್ಲಣ ಹೊಲಿದ ತೇಲುಬಳೆಯೊಂದನ್ನು ಅದಕ್ಕೆ ತೂಗುಹಾಕಿ ಒಬ್ಬೊಬ್ಬರನ್ನೇ ಎಳೆದು ತರುವುದು. ಕವಾಯತಿನಲ್ಲಿ ಐದು ನಿಮಿಷದೊಳಗೆ ಇದೆಲ್ಲ ಮುಗಿಯಬೇಕಿತ್ತು. ಒಬ್ಬೊಬ್ಬನಿಗೂ ಒಂದೊಂದು ಸಂಖ್ಯೆ, ಸಂಖ್ಯೆಗೆ ತಕ್ಕ ಕೆಲಸ. ಕತ್ತಲಲ್ಲಿ ಕೈ ತಾನಾಗಿ ಮಾಡುವವರೆಗೆ ವಾರವಾರವೂ ಅದೇ.

ಆ ಕವಾಯತು ಕೆಡುವುದು ಹೇಗೆ ಎನ್ನುವುದಕ್ಕೆ ಪೀ ಐಲೆಂಡ್ ಠಾಣೆಯನ್ನು ನೋಡಬೇಕು. ಗುಲಾಮನಾಗಿ ಹುಟ್ಟಿ, ಅಂತರ್ಯುದ್ಧದಲ್ಲಿ ಉತ್ತರದ ಯೂನಿಯನ್ ಪರ ಹೋರಾಡಿದ ರಿಚರ್ಡ್ ಎಥರಿಜ್ 1880ರಿಂದ ಅದರ ಮುಖ್ಯಸ್ಥ, ತಂಡದವರೆಲ್ಲ ಕಪ್ಪು ಜನ. 1896ರ ಅಕ್ಟೋಬರ್ 11ರ ರಾತ್ರಿ ಇ. ಎಸ್. ನ್ಯೂಮನ್ ಎಂಬ ಹಡಗು ಸಿಕ್ಕಿಕೊಂಡಾಗ ದಂಡೆಯೇ ನೀರಿನಡಿ ಇತ್ತು. ಲಂಗರು ಹೂಳಲು ಮರಳಿಲ್ಲ, ಫಿರಂಗಿ ನಿಲ್ಲಿಸಲು ನೆಲವಿಲ್ಲ. ಉಪಕರಣವೆಲ್ಲ ಬದಿಗಿಟ್ಟು, ಇಬ್ಬರಿಗೆ ಹಗ್ಗ ಕಟ್ಟಿ ಅಲೆಗೆ ಇಳಿಸಿದರು. ದಂಡೆಯಲ್ಲಿ ಉಳಿದವರು ತುದಿ ಹಿಡಿದರು. ದಣಿದ ಇಬ್ಬರು ಬಂದಾಗ ಬೇರೆ ಇಬ್ಬರು ಹೋದರು. ಕ್ಯಾಪ್ಟನ್‌ನ ಹೆಂಡತಿ, ಪುಟ್ಟ ಮಗು ಸೇರಿ ಒಂಬತ್ತೂ ಜನ ಬದುಕಿದರು. ಚಿನ್ನದ ಪದಕ ಬಂದದ್ದು 1996ರಲ್ಲಿ, ಸರಿಯಾಗಿ ನೂರು ವರ್ಷಕ್ಕೆ. ಠಾಣೆ 1947ರಲ್ಲಿ ಮುಚ್ಚಿತು, ಆ ಜಾಗದಲ್ಲಿ ಈಗ ನೋಡಲು ಕಟ್ಟಡವಿಲ್ಲ. ಅದರ ಅಡುಗೆಮನೆಯೊಂದು ಮ್ಯಾಂಟಿಯೊ ಊರಿಗೆ ಬಂದು ಮ್ಯೂಸಿಯಂ ಆಗಿದೆ. ಇದ್ದ ಜಾಗದಲ್ಲಿ ಏನೂ ಉಳಿಯದ ಈ ಠಾಣೆಯ ನೆನಪು, ನಿಂತೇ ಇರುವ ಎಷ್ಟೋ ಕಟ್ಟಡಗಳಿಗಿಂತ ಗಟ್ಟಿ. ಚಿಕಮಕಾಮಿಕೊದವರು 1918ರ ಆಗಸ್ಟ್ 16ರಂದು ಹೊತ್ತಿ ಉರಿಯುವ ಎಣ್ಣೆಯ ನಡುವೆ ದೋಣಿ ನುಗ್ಗಿಸಿ ಬ್ರಿಟಿಷ್ ಟ್ಯಾಂಕರ್ ಮಿರ್ಲೊದ 42 ಜನರನ್ನು ತಂದರು. ಆ ದೋಣಿ, 1046, ಠಾಣೆಯಲ್ಲೇ ಇದೆ.

ವಿಳಾಸ ಬದಲಾದ ಚೀಟಿ

ರೋನೋಕ್ ದ್ವೀಪದ ಫೋರ್ಟ್ ರ‍್ಯಾಲಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿ ಕಾಣುವ ಮಣ್ಣಿನ ಕೋಟೆ 1950ರಲ್ಲಿ ಉತ್ಖನನದ ಆಧಾರದ ಮೇಲೆ ಮತ್ತೆ ಎಬ್ಬಿಸಿದ್ದು, 1587ರ ವಲಸಿಗರು ಮನೆ ಕಟ್ಟಿಕೊಂಡ ಜಾಗ ಸಿಕ್ಕಿಲ್ಲ. ಆ ವಲಸಿಗರ ಗವರ್ನರ್ ಜಾನ್ ವೈಟ್ 1590ರಲ್ಲಿ ಮರಳಿ ಬಂದಾಗ ಜನರಿಲ್ಲ. ಕಂಬದ ಮೇಲೆ 'ಕ್ರೊಆಟೊಅನ್' ಎಂಬ ಕೆತ್ತನೆ. ಅದನ್ನು ದೆವ್ವದ ಕತೆಯಂತೆ ಹೇಳುವುದು ಪ್ರವಾಸೋದ್ಯಮದ ಚಟ. ಬೇರೆಡೆ ಹೋಗುವುದಾದರೆ ಹೋದ ಜಾಗದ ಹೆಸರು ಕೆತ್ತಿ ಹೋಗಿ ಎಂದು ಮೊದಲೇ ಮಾತಾಗಿತ್ತು. ಕ್ರೊಆಟೊಅನ್ ಎಂದರೆ ಇವತ್ತಿನ ಹ್ಯಾಟರಸ್ ಕಡೆಯ ದ್ವೀಪ. ಈ ಕರಾವಳಿಯ ಅತಿ ಹಳೆಯ ಇಂಗ್ಲಿಷ್ ಸ್ಮಾರಕ, ಹಾಗೆ ನೋಡಿದರೆ, 'ನಾವು ಇಲ್ಲಿಲ್ಲ, ಅಲ್ಲಿದ್ದೇವೆ' ಎನ್ನುವ ಒಂದು ಚೀಟಿ.

ಹೋಗುವವರಿಗೆ ನಾಲ್ಕು ಮಾತು

ರ‍್ಯಾಲಿ, ಕೇರಿ ನಗರಗಳ ಕಡೆಯ ಕನ್ನಡದ ಕುಟುಂಬಗಳು ಬೇಸಿಗೆಯಲ್ಲಿ ಕಾರು ತುಂಬಿಕೊಂಡು ಹೊರಡುವ ದಾರಿ ಇದು, ಆದ್ದರಿಂದ ಇಷ್ಟು. ಗೋಪುರಗಳನ್ನು ಹಗಲಲ್ಲಿ ಗುರುತಿಸಲು 1873ರಿಂದ ಬೇರೆಬೇರೆ ವೇಷ: ಹ್ಯಾಟರಸ್‌ಗೆ ಸುರುಳಿ ಪಟ್ಟಿ, ಬಾಡಿ ಐಲೆಂಡ್‌ಗೆ ಅಡ್ಡಪಟ್ಟಿ, ಕೇಪ್ ಲುಕೌಟ್‌ಗೆ ಚೌಕಳಿ. 1875ರ ಕರಿಟಕ್‌ಗೆ ಬಣ್ಣವನ್ನೇ ಹಚ್ಚದೆ ಕೆಂಪು ಇಟ್ಟಿಗೆ ಹಾಗೇ ಬಿಟ್ಟರು. 1823ರ ಓಕ್ರಕೋಕ್ ಗಿಡ್ಡ, ಬಿಳಿ. ರಾತ್ರಿಯ ಗುರುತು ಮಿನುಗು: ಹ್ಯಾಟರಸ್ 7.5 ಸೆಕೆಂಡಿಗೊಮ್ಮೆ, ಕರಿಟಕ್ 20 ಸೆಕೆಂಡಿಗೊಮ್ಮೆ, ಓಕ್ರಕೋಕ್ ಮಿನುಗುವುದಿಲ್ಲ, ಸುಮ್ಮನೆ ಉರಿಯುತ್ತದೆ. ಗಾಜಿನ ಪಟ್ಟಕಗಳನ್ನು ಸುತ್ತಲೂ ಜೋಡಿಸಿದ ಹಳೆಯ ಫ್ರೆನೆಲ್ ಮಸೂರ ಇದ್ದಲ್ಲೇ ಬೆಳಗುವುದನ್ನು ನೋಡಬೇಕಿದ್ದರೆ ಬಾಡಿ ಅಥವಾ ಕರಿಟಕ್‌ಗೆ ಹೋಗಿ. ಹ್ಯಾಟರಸ್‌ನದು 257 ಮೆಟ್ಟಿಲು. ದುರಸ್ತಿ ನಡೆಯುವಾಗ ಹತ್ತಲು ಬಿಡುವುದಿಲ್ಲ, ಮೊದಲೇ ವಿಚಾರಿಸಿ. ದಂಡೆಯ ಮೇಲೆ ಕಾರು ಓಡಿಸಲು ಪರವಾನಗಿ ಬೇಕು, ಚಕ್ರದ ಗಾಳಿ 20 ಪಿಎಸ್‌ಐಗೆ ಇಳಿಸಬೇಕು. ಇಳಿಸದೆ ಹೋದವರ ಚಕ್ರ ಮರಳು ಅಗೆದುಕೊಂಡು ಅಚ್ಚಿನವರೆಗೆ ಕೂರುತ್ತದೆ; ಆಗ ಆಕ್ಸಿಲರೇಟರ್ ಒತ್ತಿದಷ್ಟೂ ಆಳ. ಹ್ಯಾಟರಸ್‌ನಿಂದ ಓಕ್ರಕೋಕ್‌ಗೆ ಕಾರು ಹೊರುವ ಫೆರಿ ಹಿಂದೆ 40 ನಿಮಿಷದಲ್ಲಿ ತಲುಪುತ್ತಿತ್ತು. ಅಳಿವೆಯಲ್ಲಿ ಮರಳು ತುಂಬಿ ಸುತ್ತು ಹಾಕಬೇಕಾಗಿ ಈಗ ಒಂದು ಗಂಟೆಯ ಮೇಲೆ.

ರೊಡ್ಯಾಂತಿಯಲ್ಲಿ 2020ರಿಂದೀಚೆಗೆ ಕಂಬದ ಮೇಲಿನ ಮನೆಗಳು ಒಂದೊಂದಾಗಿ ಸಮುದ್ರಕ್ಕೆ ಕುಸಿಯುತ್ತಿವೆ. ಬರಿಗಾಲಲ್ಲಿ ನಡೆಯಬೇಡಿ, ಹಲಗೆಗಳ ಮೊಳೆ ಮೈಲಿಗಟ್ಟಲೆ ದಂಡೆಗೆ ಹರಡಿರುತ್ತವೆ. ಹೊಸ ಜಾಗದಲ್ಲಿ ಹ್ಯಾಟರಸ್ ಗೋಪುರವನ್ನು ಸಮುದ್ರದಿಂದ 1,600 ಅಡಿಗೆ ಇಟ್ಟರು. 1870ರಲ್ಲಿ ಇದ್ದದ್ದಕ್ಕಿಂತ ನೂರೇ ಅಡಿ ಹೆಚ್ಚು.

ಹೊಸ ಜಾಗದಿಂದ ಹಳೆಯದಕ್ಕೆ ನಡೆದರೆ ಹನ್ನೆರಡು ನಿಮಿಷ. ಅಲ್ಲಿ ಗೋಪುರವಿಲ್ಲ, ಕಲ್ಲುಗಳೂ ಇಲ್ಲ. ಗ್ರಾಯ್ನ್‌ಗಳ ಮುರಿದ ಸಾಲು ಮಾತ್ರ ನೀರಿನಿಂದ ತಲೆ ಎತ್ತಿರುತ್ತದೆ. ಅವು ಹಿಡಿದಿಟ್ಟ ಮರಳಿನಿಂದಾಗಿ ಅಲೆ ಅಲ್ಲಿ ಚೆನ್ನಾಗಿ ಏಳುತ್ತದೆ ಎಂದು ಸರ್ಫಿಂಗ್‌ನವರು ಹಲಗೆ ಹಿಡಿದು ಬೆಳಿಗ್ಗೆಯೇ ಬಂದಿರುತ್ತಾರೆ. ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದರೆ ಅವರು ಈಗಲೂ 'ಲೈಟ್‌ಹೌಸ್‌ಗೆ' ಎನ್ನುತ್ತಾರೆ.